ಬಿಡ್ತು ಅನ್ನು: ಕನ್ನಡದ ಮನೆಗಳಲ್ಲಿ ಮಕ್ಕಳು ಮತ್ತು ಬೈಗುಳ

ಮಕ್ಕಳ ಬಾಯಲ್ಲಿ ಯಾವ ಮಾತು ಬರಬಹುದು, ಯಾವುದು ಬರಬಾರದು ಎಂಬ ಕಟ್ಟುಪಾಡು ಕನ್ನಡದ ಮನೆಗಳಲ್ಲಿ ಬಹಳ ಹಳೆಯದು. ಇಂದು ‘ಕೆಟ್ಟ ಮಾತು’ ಎಂದೊಡನೆ ನೆನಪಾಗುವುದು ಅಶ್ಲೀಲ ಪದಗಳು. ಹಿಂದಿನವರು ಅದಕ್ಕಿಂತ ಹೆಚ್ಚು ಅಂಜುತ್ತಿದ್ದುದು ಅಮಂಗಳದ ಮಾತಿಗೆ. ಜಗಳದ ಭರದಲ್ಲಿ ತಮ್ಮನಿಗೆ ‘ಸಾಯಿ’ ಎಂದ ಹುಡುಗಿಯನ್ನು ಅಜ್ಜಿ ಅಡುಗೆಮನೆಯಿಂದಲೇ ತಡೆಯುತ್ತಿದ್ದಳು: ‘ಬಿಡ್ತು ಅನ್ನು!’ ಹುಡುಗಿ ಮುಖ ಊದಿಸಿಕೊಂಡೇ ‘ಬಿಡ್ತು’ ಎನ್ನಬೇಕು. ಆಗ ಆ ಮಾತಿನ ಕೆಡುಕು ಕಳೆಯಿತೆಂದು ಲೆಕ್ಕ. ಮುಸ್ಸಂಜೆಯ ಹೊತ್ತಿನಲ್ಲಿ ಅಸ್ತು ದೇವತೆಗಳು ಓಡಾಡುತ್ತಿರುತ್ತವೆ, ಕಿವಿಗೆ ಬಿದ್ದ ಮಾತಿಗೆಲ್ಲ ‘ಅಸ್ತು’ ಎಂದುಬಿಡುತ್ತವೆ ಎಂಬ ನಂಬಿಕೆ ಇದರ ಹಿಂದಿತ್ತು. ಒಡೆದ ಬಳೆಯನ್ನು ‘ಹೆಚ್ಚಿತು’ ಎನ್ನುವುದು, ದೀಪ ಆರಿಸುವುದಕ್ಕೆ ‘ದೊಡ್ಡದು ಮಾಡು’ ಎನ್ನುವುದು, ಹೊರಡುವಾಗ ‘ಹೋಗ್ತೀನಿ’ ಬದಲು ‘ಬರ್ತೀನಿ’ ಎನ್ನುವುದು, ಕತ್ತಲಾದ ಮೇಲೆ ಹಾವನ್ನು ‘ಹುಳ’ ಎನ್ನುವುದು ಎಲ್ಲವೂ ಇದೇ ಅಂಜಿಕೆಯಿಂದ ಹುಟ್ಟಿದ ನುಡಿಗಟ್ಟುಗಳು. ಮಕ್ಕಳು ಇವನ್ನು ಅಕ್ಷರ ಕಲಿಯುವ ಮೊದಲೇ ಕಲಿಯುತ್ತಿದ್ದರು.

ಈ ಅಳತೆಯಲ್ಲಿ ‘ಕತ್ತೆ’, ‘ಕೋತಿ’, ಉತ್ತರ ಕರ್ನಾಟಕದ ‘ಮಂಗ್ಯಾ’, ‘ಹುಚ್ಚಪ್ಯಾಲಿ’ ಎಲ್ಲ ಹಗುರ ಮಾತುಗಳು. ಸಾವು, ರೋಗ, ವಂಶನಾಶ ಬಯಸುವ ಮಾತು ಶಾಪ, ಉಳಿದದ್ದು ಬೈಗುಳ. ‘ಬಯ್’ ಕನ್ನಡದ ಸ್ವಂತ ಧಾತು. ತಮಿಳಿನ ‘ವಾಯ್’ಗೆ ಕನ್ನಡದ ‘ಬಾಯಿ’ ಸಾಟಿಯಾಗಿರುವಂತೆ ತಮಿಳಿನ ‘ವೈ’ಗೆ ಕನ್ನಡದ ‘ಬಯ್’ ಸಾಟಿ. ಎರಡು ಭಾಷೆಗಳು ಕವಲೊಡೆಯುವ ಮೊದಲೇ ಜನ ಬೈಯುತ್ತಿದ್ದರು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಬೈಗುಳ ಅಕ್ಕರೆಯ ಮಾತೂ ಆಗಿತ್ತು. ಮಗುವನ್ನು ಎಲ್ಲರೆದುರು ಹೊಗಳಿದರೆ ದೃಷ್ಟಿ ತಾಗುತ್ತದೆ. ಬೈದು ಮುದ್ದಿಸಿದರೆ ಆ ಭಯವಿಲ್ಲ. ಹುಟ್ಟಿದ ಕೂಸುಗಳು ಉಳಿಯದ ಮನೆಯಲ್ಲಿ ಹೊಸ ಕೂಸನ್ನು ತಿಪ್ಪೆಯ ಮೇಲೆ ಮಲಗಿಸಿ ಎತ್ತಿಕೊಂಡು ತಿಪ್ಪಣ್ಣ, ತಿಪ್ಪವ್ವ ಎಂದು ಹೆಸರಿಡುತ್ತಿದ್ದರು. ಯಾರಿಗೂ ಬೇಡವಾದ ವಸ್ತುವನ್ನು ಜವರಾಯನೂ ಮುಟ್ಟಲಾರ ಎಂಬ ಆಸೆ ಅದು. ಆ ಹೆಸರಿನವರೆಲ್ಲ ಹೀಗೆ ಹೆಸರಾದವರಲ್ಲ, ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ಭಕ್ತರ ಮನೆಗಳಲ್ಲೂ ಆ ಹೆಸರುಗಳಿವೆ. ಆದರೂ ಬೈಗುಳದಂಥ ಹೆಸರನ್ನು ಕೂಸಿನ ರಕ್ಷಣೆಗೆ ಇಟ್ಟ ತಾಯಂದಿರ ಸಂಕಟ ಸಣ್ಣದಲ್ಲ.

ಹಗುರವೆಂದು ಮನೆಯೊಳಗೆ ಓಡಾಡುತ್ತಿದ್ದ ಮಾತುಗಳಲ್ಲಿ ಅನೇಕವು ಭಾರವಾದ ಚರಿತ್ರೆ ಹೊತ್ತಿವೆ. ಬೆಳಗ್ಗೆ ತಡವಾಗಿ ಏಳುವ ಮಗುವನ್ನು ‘ಮೂದೇವಿ’ ಎನ್ನುವುದುಂಟು. ಮೂದೇವಿ ಎಂದರೆ ತಮಿಳಿನ ‘ಮೂತ್ತ ದೇವಿ’, ಹಿರಿಯ ದೇವಿ; ಲಕ್ಷ್ಮಿಯ ಅಕ್ಕ ಜ್ಯೇಷ್ಠೆ. ಕಾಗೆಯ ಬಾವುಟ, ಪೊರಕೆ, ಕತ್ತೆಯ ವಾಹನ ಅವಳ ಗುರುತು. ಪಲ್ಲವರ ಕಾಲದಲ್ಲಿ ಅವಳಿಗೆ ಗುಡಿಯಲ್ಲಿ ಜಾಗವಿತ್ತು, ಕಂಚಿಯ ಕೈಲಾಸನಾಥ ದೇವಾಲಯದಲ್ಲಿ ಇಂದಿಗೂ ಅವಳ ಶಿಲ್ಪವಿದೆ. ಪೂಜೆ ನಿಂತುಹೋಯಿತು, ಹೆಸರು ಮಾತ್ರ ಬೈಗುಳವಾಗಿ ಹಾಸಿಗೆಯ ಪಕ್ಕದಲ್ಲಿ ಉಳಿಯಿತು.

‘ಮುಂಡೇದು’ ಎಂಬುದರ ಕಥೆ ಇನ್ನೂ ನೋವಿನದು. ಹಳೆ ಮೈಸೂರಿನ ಕಡೆ ತಾಯಿ ಮಗನ ಕೆನ್ನೆ ಹಿಂಡಿ ‘ಮುಂಡೇದೆ, ಊಟ ಮಾಡು ಬಾ’ ಎಂದರೆ ಅದರಲ್ಲಿ ಪ್ರೀತಿ ಬಿಟ್ಟು ಬೇರೇನೂ ಕೇಳಿಸುವುದಿಲ್ಲ. ಪದದ ಮೂಲ ‘ಮುಂಡೆ’, ತಲೆ ಬೋಳಿಸಿ ಕೂರಿಸಿದ ವಿಧವೆ. ವಿಧವಾ ವಿವಾಹಕ್ಕೆ ಕಾಯ್ದೆಯ ಒಪ್ಪಿಗೆ ಸಿಕ್ಕಿದ್ದು 1856ರಲ್ಲಿ; ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ ಕಾದಂಬರಿ ಬಾಲವಿಧವೆಯ ಬಾಳನ್ನು ಕನ್ನಡಿಗರ ಮುಂದಿಟ್ಟದ್ದು 1899ರಲ್ಲಿ. ಆ ನಡುವೆಯೂ ಆಮೇಲೂ ಎಷ್ಟೋ ಮನೆಗಳ ಹಿತ್ತಿಲ ಕೋಣೆಯಲ್ಲಿ ಕೆಂಪು ಸೀರೆಯ ಸೋದರತ್ತೆಯೊಬ್ಬಳು ಕುಳಿತಿರುತ್ತಿದ್ದಳು. ಮಕ್ಕಳು ಒಬ್ಬರನ್ನೊಬ್ಬರು ‘ಮುಂಡೇದೆ’ ಎಂದು ಕೂಗಾಡುವುದು ದಿನವಿಡೀ ಅವಳ ಕಿವಿಗೆ ಬೀಳುತ್ತಿತ್ತು. ಆ ಮಾತನ್ನು ಯಾರೂ ‘ಬಿಡ್ತು’ ಎನ್ನಿಸಲಿಲ್ಲ.

‘ಸೂಳೆ’ ಪದ ಸಾಗಿದ ದಾರಿ ತೀರಾ ಕಡಿದಾದದ್ದು. ಬಾದಾಮಿ ಚಾಲುಕ್ಯ ದೊರೆ ವಿಜಯಾದಿತ್ಯನ ಪ್ರಾಣವಲ್ಲಭೆ ವಿನಾಪೋಟಿ ಮಹಾಕೂಟದ ದೇವರಿಗೆ ಮಾಣಿಕ್ಯದ ಪೀಠ, ಬೆಳ್ಳಿಯ ಕೊಡೆ ಅರ್ಪಿಸಿದ್ದು 8ನೆಯ ಶತಮಾನದ ಶಾಸನದಲ್ಲಿ ದಾಖಲಾಗಿದೆ. ಅಲ್ಲಿ ಆಕೆಯನ್ನು ಸೂಳೆಯೆಂದು ಗೌರವದಿಂದಲೇ ಹೇಳಿದೆ. 12ನೆಯ ಶತಮಾನದ ವಚನಕಾರ್ತಿ ಸೂಳೆ ಸಂಕವ್ವೆಯ ಹೆಸರಿನಲ್ಲೇ ಆ ಪದವಿದೆ. ಚನ್ನಗಿರಿ ತಾಲ್ಲೂಕಿನ ದೊಡ್ಡ ಕೆರೆಗೆ ಸರ್ಕಾರಿ ಕಡತದಲ್ಲಿ ಶಾಂತಿಸಾಗರವೆಂಬ ಹೆಸರಿದ್ದರೂ ಸುತ್ತಲಿನ ಊರಿನವರಿಗೆ ಅದು ಸೂಳೆಕೆರೆ. ಅಲ್ಲಿನ ಮಕ್ಕಳು ಅಳುಕಿಲ್ಲದೆ ಹಾಗೆನ್ನುತ್ತಾರೆ. ಅದೇ ಪದ ಬೀದಿಯ ಜಗಳದಲ್ಲಿ ತಾಯಿಯನ್ನು ಎಳೆದು ತರುವ ಅತಿ ಕೆಟ್ಟ ಬೈಗುಳ. ದೇವದಾಸಿ ಸಮರ್ಪಣೆಯನ್ನು ನಿಷೇಧಿಸುವ ಕರ್ನಾಟಕದ ಕಾಯ್ದೆ ಬಂದದ್ದು 1982ರಲ್ಲಿ. ಅಷ್ಟರೊಳಗೆ ದೇವದಾಸಿಯರಾಗಿ ಮುತ್ತು ಕಟ್ಟಿಸಿಕೊಂಡ ತಾಯಂದಿರ ಮಕ್ಕಳು ಶಾಲೆಯಂಗಳದಲ್ಲಿ ಈ ಮಾತನ್ನು ಬೈಗುಳವಾಗಿ ಕೇಳಿದರು, ತಮ್ಮ ಮನೆಯ ಸಂಗತಿಯಾಗಿಯೂ ಕೇಳಿದರು.

ಹೊರಗಿನಿಂದ ಬಂದ ಬೈಗುಳಗಳಿಗೆ ಬಹುಪಾಲು ಆಡಳಿತದ ದಾರಿ. ‘ಬೇವರ್ಸಿ’ ವಾರಸುದಾರರಿಲ್ಲದ್ದು ಎಂಬ ಅರ್ಥದ ಪಾರಸಿ ಮಾತು. ಕಂದಾಯದ ಕಡತದಲ್ಲಿ ದಿಕ್ಕಿಲ್ಲದ ಆಸ್ತಿಗೆ ಸಲ್ಲಬೇಕಾದ ಪದ ದಿಕ್ಕಿಲ್ಲದ ಹುಡುಗನ ಮೇಲೆ ಬಿತ್ತು. ‘ನಾಲಾಯಕ್’, ‘ಬದ್ಮಾಷ್’, ‘ಹರಾಮಿ’ ಅದೇ ದಾರಿಯಲ್ಲಿ ಬಂದವು. ‘ಹಲ್ಕಟ್’ ಮರಾಠಿಯದು. ಧಾರವಾಡ, ಬೆಳಗಾವಿ ಕಡೆ ಚಿಕ್ಕ ಹುಡುಗರಿಗೂ ಅನ್ನುವ ‘ಭಾಡಕಾವ್’ ಕೂಡ ಮರಾಠಿಯ ‘ಭಾಡಖಾವೂ’, ಹೆಣ್ಣಿನ ಬಾಡಿಗೆ ತಿನ್ನುವವನು. ಹೇಳುವವರಿಗೆ ಅರ್ಥ ಮರೆತುಹೋಗಿದೆ, ಹಾಗಾಗಿಯೇ ಅದು ಹಗುರವಾಗಿದೆ.

ವರ್ಷಕ್ಕೊಮ್ಮೆ ಮಕ್ಕಳಿಗೆ ಬೈಯಲು ಊರೇ ಒಪ್ಪಿಗೆ ಕೊಡುತ್ತಿತ್ತು. ಹೋಳಿ ಹುಣ್ಣಿಮೆಗೆ ಮುಂಚಿನ ದಿನಗಳಲ್ಲಿ ಉತ್ತರ ಕರ್ನಾಟಕದ ಹುಡುಗರು ಕಾಮನ ಸುಡಲು ಕಟ್ಟಿಗೆ, ಕುಳ್ಳು ಕದಿಯುತ್ತಾರೆ. ಒಬ್ಬ ಹಲಿಗೆಯನ್ನು ಬೆಂಕಿಗೆ ಹಿಡಿದು ಚರ್ಮ ಬಿಗಿ ಮಾಡುತ್ತಾನೆ, ಇಬ್ಬರು ಹಿತ್ತಿಲ ಗೋಡೆ ಹಾರಿ ಕುಳ್ಳಿನ ಬಣವೆಗೆ ಕೈ ಹಾಕುತ್ತಾರೆ, ಉಳಿದವರು ಬೀದಿಯಲ್ಲಿ ಅಂಗೈ ಹಿಂಬದಿಯಿಂದ ಬಾಯಿ ಬಡಿದುಕೊಂಡು ‘ಲಬೋ ಲಬೋ’ ಎಂದು ಹೊಯ್ಕೊಳ್ಳುತ್ತಾರೆ. ಮನೆಯ ಮುದುಕಿ ಕೋಲು ಹಿಡಿದು ಹೊರಬಂದರೆ ಬೈಗುಳದ ಮಳೆ. ಅವಳೂ ಅಷ್ಟೇ ಧಾರಾಳವಾಗಿ ತಿರುಗಿ ಬೈಯುತ್ತಾಳೆ. ಬೇರೆ ದಿನ ಆಡಿದರೆ ಬಾಯಿಗೆ ಬರೆ ಬೀಳುವಂಥ ಮಾತನ್ನು ಎಂಟು ವರ್ಷದ ಹುಡುಗ ಅಪ್ಪನ ಎದುರೇ ಕೂಗುತ್ತಾನೆ, ಅಪ್ಪ ಕೇಳಿಯೂ ಕೇಳದಂತಿರುತ್ತಾನೆ. ಕಾಮ ಸುಟ್ಟು ಬೂದಿಯಾಗಿ ಬಣ್ಣದಾಟ ಮುಗಿದು ಎಲ್ಲರೂ ಮಿಂದರೆ ಒಪ್ಪಿಗೆಯೂ ಮುಗಿಯಿತು. ದಕ್ಷಿಣ ಕೊಡಗಿನ ದೇವರಪುರದಲ್ಲಿ ಮೇ ತಿಂಗಳ ಕುಂಡೆ ಹಬ್ಬದಂದು ಕುರುಬ, ಎರವ ಮೊದಲಾದ ಬುಡಕಟ್ಟಿನವರು ವೇಷ ಕಟ್ಟಿ ದೇವರನ್ನೂ ತೋಟದ ಸಾಹುಕಾರರನ್ನೂ ಬೈಯುತ್ತಾರೆ. ವರ್ಷವಿಡೀ ಬೈಸಿಕೊಂಡವರಿಗೆ ಆ ದಿನ ತಿರುಗಿ ಬೈಯುವ ಹಕ್ಕು. ಇಂಥ ಹಬ್ಬಗಳಿದ್ದ ಊರುಗಳಲ್ಲಿ ಬೈಗುಳಕ್ಕೂ ಒಂದು ದಿನ, ಒಂದು ಎಲ್ಲೆ ಇದೆಯೆಂದು ಮಕ್ಕಳು ಯಾರೂ ಹೇಳಿಕೊಡದೆ ತಿಳಿದುಕೊಂಡರು.

ಒರಟೆಂಬುದರ ಅಳತೆ ಊರಿಂದೂರಿಗೂ ಬೇರೆ. ಮಂಡ್ಯದ ‘ಏನ್ಲಾ’ ಗೆಳೆತನದ ಮಾತು, ಕರಾವಳಿಯವರ ಕಿವಿಗೆ ಅದು ಗದರಿಕೆ. ‘ಮಗನೇ’ ಎಂಬುದು ಜಗಳದಲ್ಲಿ ತಾಯಿಯ ಮೇಲಿನ ಮಾತಾಗುತ್ತದೆ, ಬೆಂಗಳೂರಿನ ಹುಡುಗರಲ್ಲಿ ‘ಮಗಾ’ ಆಪ್ತ ಸಂಬೋಧನೆ.

ಶಾಲೆ ಬಂದ ಮೇಲೆ ಶಿಷ್ಟ ಕನ್ನಡ ಎಂಬ ಒಂದೇ ಅಳತೆ ಎಲ್ಲರ ಮೇಲೂ ಬಿತ್ತು. ಮನೆಯ ಆಡುಮಾತೇ ಒರಟು ಎನಿಸಿಕೊಂಡ ಮಕ್ಕಳಿಗೆ ಇದರಿಂದ ಅನ್ಯಾಯವಾಯಿತು. ಬೈಗುಳವಲ್ಲದ ಹಳ್ಳಿಯ ನುಡಿಗೂ ಏಟು ಬಿದ್ದವು. ಜಿ. ಪಿ. ರಾಜರತ್ನಂ ‘ರತ್ನನ ಪದಗಳು’ ಸಂಕಲನದಲ್ಲಿ ಹೆಂಡಗುಡುಕನ ಹಸಿ ಮಾತನ್ನು ಕಾವ್ಯ ಮಾಡಿದರು, ‘ತುತ್ತೂರಿ’ಯಲ್ಲಿ ಎಳೆಯರಿಗೆ ಹಾಡು ಬರೆದರು. ಹಸಿ ಮಾತೂ ಎಳೆ ಮಾತೂ ಒಂದೇ ಕೈಯಲ್ಲಿ ನಿಲ್ಲಬಲ್ಲವು ಎಂಬುದನ್ನು ಪಾಠದ ಕೋಣೆಗಳು ಬಹುಕಾಲ ಒಪ್ಪಲಿಲ್ಲ. ಅದೇ ಕೋಣೆಯಲ್ಲಿ ಮೇಷ್ಟರ ಬೈಗುಳಕ್ಕೆ ತಡೆಯೇ ಇರಲಿಲ್ಲ. ಮಗುವಿಗೆ ದೈಹಿಕ ಶಿಕ್ಷೆಯ ಜೊತೆಗೆ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದ್ದು 2009ರ ಶಿಕ್ಷಣ ಹಕ್ಕು ಕಾಯ್ದೆ.

ಜಾತಿಯ ಹೆಸರುಗಳು ಬೈಗುಳವಾಗಿ ಬಳಕೆಯಾದದ್ದು ಈ ಚರಿತ್ರೆಯ ಅತ್ಯಂತ ಕ್ರೂರ ಭಾಗ. ಕೊಳಕಾಗಿ ಬಂದ ಮಗುವನ್ನು ದಲಿತ ಜಾತಿಯೊಂದರ ಹೆಸರು ಹಿಡಿದು ಗದರುವುದು ಮೇಲ್ಜಾತಿಯ ಮನೆಗಳಲ್ಲಿ ತೀರ ಸಹಜವಾಗಿತ್ತು. ಮಗು ಆ ಪದವನ್ನು ಕಲಿಯುವಾಗಲೇ ಅದರೊಳಗಿನ ತಾತ್ಸಾರವನ್ನೂ ಕಲಿಯಿತು. 1989ರ ದೌರ್ಜನ್ಯ ತಡೆ ಕಾಯ್ದೆ, ಅದರ 2015ರ ತಿದ್ದುಪಡಿ ಸಾರ್ವಜನಿಕರ ಕಣ್ಣೆದುರು ಪರಿಶಿಷ್ಟ ಜಾತಿ, ಪಂಗಡದವರನ್ನು ಜಾತಿಯ ಹೆಸರು ಹಿಡಿದು ನಿಂದಿಸುವುದನ್ನು ಶಿಕ್ಷಾರ್ಹ ಮಾಡಿದವು. ‘ಕುಂಟ’, ‘ಕುರುಡ’ ಎಂದು ಸಾರ್ವಜನಿಕವಾಗಿ ಅವಮಾನಿಸುವುದಕ್ಕೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಶಿಕ್ಷೆ ಇಟ್ಟಿತು. ಕಾಯ್ದೆಯ ಕೈ ಅಡುಗೆಮನೆಯವರೆಗೆ ಚಾಚುವುದಿಲ್ಲ. ಮಗುವಿಗೆ ಕತ್ತೆ, ಮಂಗ ಎನ್ನಲು ಬಿಟ್ಟು ಇಂಥ ಮಾತನ್ನು ಮೊದಲ ಸಲವೇ ತಡೆಯುವ ಹೊಣೆ ತಂದೆತಾಯಿಗಳದೇ.

ಈಗ ಮಕ್ಕಳ ಬೈಗುಳ ಹೆಚ್ಚಾಗಿ ಪರದೆಯಿಂದ ಬರುತ್ತದೆ. ಚಲನಚಿತ್ರ ಕಾಯ್ದೆಯ 2023ರ ತಿದ್ದುಪಡಿ ಚಿತ್ರಗಳ ಯು/ಎ ಪ್ರಮಾಣಪತ್ರವನ್ನು 7, 13, 16 ವರ್ಷಗಳ ಮೂರು ಹಂತಗಳಾಗಿ ಒಡೆದು, ಯಾವುದನ್ನು ನೋಡಿಸಬಹುದೆಂಬ ತೀರ್ಮಾನವನ್ನು ಪೋಷಕರಿಗೆ ಬಿಟ್ಟಿದೆ. ಮೊಬೈಲಿನಲ್ಲಿ ಆ ಕಾವಲು ಇನ್ನೂ ಸಡಿಲ. ನಗರದ ಮನೆಗಳಲ್ಲಿ ಲೋಟ ಕೈಜಾರಿದರೆ ಮಗು ‘ಶಿಟ್’ ಎನ್ನುತ್ತದೆ. ಅದರ ಅರ್ಥವನ್ನು ಕನ್ನಡದಲ್ಲಿ ಆಡಿದ್ದರೆ ಊಟದ ಮನೆಯಲ್ಲಿ ಯಾರೂ ಸಹಿಸುತ್ತಿರಲಿಲ್ಲ. ಅಜ್ಜಿ ಅದನ್ನು ಕೇಳಿಸಿಕೊಂಡು ಸುಮ್ಮನಿರುತ್ತಾಳೆ. ಅದೇ ಮಗು ಸಿಟ್ಟಿನಲ್ಲಿ ‘ಸತ್ತೋಗ್ತೀನಿ’ ಎಂದರೆ ಒಳಗಿನಿಂದ ಹಳೆಯ ದನಿ ಈಗಲೂ ಬರುತ್ತದೆ: ‘ಬಿಡ್ತು ಅನ್ನು.’