ಮಡಿಕೇರಿ

ಕೊಡಗು ಜಿಲ್ಲೆಯ ಆಡಳಿತ ಕೇಂದ್ರ. ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದ ಗಿರಿನಗರ. ಇದನ್ನು ಕಾಫಿಯ ಊರೆಂದು ವರ್ಣಿಸುವುದು ವಾಡಿಕೆಯಾದರೂ ಮಡಿಕೇರಿಯನ್ನು ಕಟ್ಟಿದ್ದು ಬೆಳೆಯಲ್ಲ, ಆಳ್ವಿಕೆ. ಹಾಲೇರಿ ವಂಶದ ಮುದ್ದುರಾಜ 1681ರಲ್ಲಿ ರಾಜಧಾನಿಯನ್ನು ಇಲ್ಲಿಗೆ ತಂದಾಗ ತೋಟಗಳಿನ್ನೂ ಹಬ್ಬಿರಲಿಲ್ಲ. ಅವನ ಮಣ್ಣಿನ ಕೋಟೆಯನ್ನು ಟಿಪ್ಪು ಸುಲ್ತಾನ್ ಕಲ್ಲಿನಲ್ಲಿ ಕಟ್ಟಿಸಿ ಜಾಫರಾಬಾದ್ ಎಂದು ಕರೆದ. 1790ರಲ್ಲಿ ಅದು ದೊಡ್ಡ ವೀರರಾಜೇಂದ್ರನ ವಶವಾಯಿತು. ಲಿಂಗರಾಜೇಂದ್ರ ಅದರೊಳಗಿನ ಅರಮನೆಯನ್ನು ಪುನರ್ನಿರ್ಮಿಸಿದ. 1820ರಲ್ಲಿ ಓಂಕಾರೇಶ್ವರ ದೇವಾಲಯವನ್ನೂ ಕಟ್ಟಿಸಿದ. ಗುಮ್ಮಟ, ಮಿನಾರುಗಳ ಆ ಗುಡಿ ಊರಿನ ಅತಿ ಸುಂದರ ಕಟ್ಟಡ. 1834ರಲ್ಲಿ ಚಿಕ್ಕ ವೀರರಾಜೇಂದ್ರನನ್ನು ಪದಚ್ಯುತಗೊಳಿಸಿದ ಬ್ರಿಟಿಷರು ಹೊಸ ಕೇಂದ್ರವನ್ನು ಹುಡುಕದೆ ಅದೇ ಕೋಟೆಯಲ್ಲಿ ಕಚೇರಿ ತೆರೆದರು. ಅವರ ಸೇಂಟ್ ಮಾರ್ಕ್ಸ್ ಚರ್ಚ್ ಇಂದು ಸರ್ಕಾರಿ ವಸ್ತುಸಂಗ್ರಹಾಲಯ.

ಕಾಫಿಯೇ ಊರನ್ನು ಬೆಳೆಸಿತೆಂಬ ಆಕ್ಷೇಪದಲ್ಲಿ ಹುರುಳಿಲ್ಲದಿಲ್ಲ. ತೋಟದ ಹಣ ಇಲ್ಲಿಗೂ ಹರಿದಿದೆ. ಆದರೆ ಅದೇ ಹಣ ಕಂಡ ವಿರಾಜಪೇಟೆ, ಗೋಣಿಕೊಪ್ಪಗಳು ಮುಖ್ಯವಾಗಿ ಪೇಟೆಗಳಾಗಿಯೇ ಬೆಳೆದವು. 1952ರಲ್ಲಿ ಸಿ. ಎಂ. ಪೂಣಚ್ಚ ಮುಖ್ಯಮಂತ್ರಿಯಾದ, 24 ಸದಸ್ಯರ ವಿಧಾನಸಭೆಯಿದ್ದ ಕೊಡಗು ರಾಜ್ಯಕ್ಕೂ ಮಡಿಕೇರಿಯೇ ರಾಜಧಾನಿ. 1956ರ ನವೆಂಬರ್ 1ರಂದು ಕೊಡಗು ಮೈಸೂರು ರಾಜ್ಯದಲ್ಲಿ ವಿಲೀನವಾದಾಗ ಆ ಪಟ್ಟ ಹೋಯಿತು. ಅಲ್ಲಿಗೆ ಊರಿನ ಮಹತ್ವ ಮುಗಿಯಿತೆನ್ನುವುದು ಮಾತ್ರ ಒಪ್ಪತಕ್ಕದ್ದಲ್ಲ. ಜಿಲ್ಲಾಡಳಿತ ಇಲ್ಲಿಯೇ ಉಳಿಯಿತು. ಫೀಲ್ಡ್ ಮಾರ್ಷಲ್ ಕಾರ್ಯಪ್ಪ ಕಾಲೇಜು, ಆಕಾಶವಾಣಿ ಕೇಂದ್ರ, ವೈದ್ಯಕೀಯ ಕಾಲೇಜು ಇಲ್ಲಿವೆ. ಕೊಡವ ಮತ್ತು ಅರೆಭಾಷೆ ಅಕಾಡೆಮಿಗಳೆರಡರ ಕಚೇರಿಗಳೂ ಮಡಿಕೇರಿಯಲ್ಲೇ ಇವೆ.