ಡಿಸ್ಕ್ ಒಂದೇ, ಸೂಚಿಗಳು ಹಲವು

ಬಾಹ್ಯ ಹಾರ್ಡ್ ಡಿಸ್ಕಿನಲ್ಲಿ 50 ಗಿಗಾಬೈಟ್ ಜಾಗ ಖಾಲಿ ಇದೆ. 5 ಗಿಗಾಬೈಟ್‌ನ ವಿಡಿಯೋ ಕಡತವೊಂದನ್ನು ಅದಕ್ಕೆ ನಕಲು ಮಾಡಹೊರಟರೆ ‘ಕಡತ ತುಂಬ ದೊಡ್ಡದು’ ಎಂಬ ಸೂಚನೆ ಬರುತ್ತದೆ. ಇನ್ನೊಂದು ಡಿಸ್ಕ್ ವಿಂಡೋಸ್‌ನಲ್ಲಿ ಸರಿಯಾಗಿ ಕೆಲಸ ಮಾಡುತ್ತದೆ; ಮ್ಯಾಕ್‌ಗೆ ಜೋಡಿಸಿದರೆ ಅದನ್ನು ಓದಬಹುದೇ ಹೊರತು ಬರೆಯಲಾಗುವುದಿಲ್ಲ. ಎರಡೂ ಡಿಸ್ಕುಗಳು ಕೆಟ್ಟಿಲ್ಲ. ಹಾಗಾದರೆ ತೊಡಕು ಎಲ್ಲಿದೆ? ಉತ್ತರ ಬೇಕಾದರೆ ಸುಮಾರು ಐದು ದಶಕ ಹಿಂದಕ್ಕೆ ಹೋಗಬೇಕು.

ಡಿಸ್ಕ್ ಎಂಬುದು ಕ್ರಮಸಂಖ್ಯೆ ಹಚ್ಚಿದ ಲಕ್ಷಾಂತರ ಪುಟ್ಟ ಖಾನೆಗಳ ಸಾಲು. ಯಾವ ಕಡತ ಯಾವ ಖಾನೆಗಳಲ್ಲಿದೆ ಎಂದು ತಿಳಿಸಲು, ಗ್ರಂಥಾಲಯಕ್ಕೆ ಇರುವಂತೆ, ಒಂದು ಸೂಚಿ ಬೇಕು. ಈ ಸೂಚಿಯನ್ನು ಹೊಸದಾಗಿ ಸಿದ್ಧಪಡಿಸುವುದೇ ಫಾರ್ಮ್ಯಾಟ್ ಮಾಡುವುದು. ಸೂಚಿ ಬರೆಯುವ ಕ್ರಮಕ್ಕೆ ಕಡತ ವ್ಯವಸ್ಥೆ ಎಂದು ಹೆಸರು.

1977ರಲ್ಲಿ ಮೈಕ್ರೋಸಾಫ್ಟ್‌ನ ಮಾರ್ಕ್ ಮೆಕ್‌ಡೊನಾಲ್ಡ್, ಬೇಸಿಕ್ ಭಾಷೆಯ ಒಂದು ಆವೃತ್ತಿಗಾಗಿ ‘ಫ್ಯಾಟ್’ ಎಂಬ ಸರಳ ಸೂಚಿಯನ್ನು ರೂಪಿಸಿದರು. ಅದು ಫ್ಲಾಪಿಗಳ ಕಾಲ. 1980ರಲ್ಲಿ ಟಿಮ್ ಪ್ಯಾಟರ್ಸನ್ ಈ ವಿಚಾರವನ್ನು ತಮ್ಮ 86-ಡಾಸ್‌ನಲ್ಲಿ 12 ಬಿಟ್ ಸಂಖ್ಯೆಗಳೊಂದಿಗೆ ಬಳಸಿದರು. ಮರುವರ್ಷ ಅದೇ ಎಂಎಸ್-ಡಾಸ್ ಆಯಿತು. 12 ಬಿಟ್‌ಗಳಿಂದ 4,096 ಸಂಖ್ಯೆಗಳನ್ನಷ್ಟೇ ಬರೆಯಬಹುದು. ಹಾರ್ಡ್ ಡಿಸ್ಕುಗಳು ಬೆಳೆದಂತೆ ಇದು ಸಾಲದಾಯಿತು. 1984ರಲ್ಲಿ 16 ಬಿಟ್, 1996ರಲ್ಲಿ ಫ್ಯಾಟ್32 ಬಂದವು. ಈ ನಡುವೆ 1995ರಲ್ಲಿ, 8 ಅಕ್ಷರಗಳ ಕಡತನಾಮದ ಮಿತಿ ಹೋಗಿ, ಉದ್ದನೆಯ ಹೆಸರನ್ನು ಯೂನಿಕೋಡ್‌ನಲ್ಲಿ ದಾಖಲಿಸುವ ಏರ್ಪಾಡಾಯಿತು. ಫ್ಯಾಟ್ ಡಿಸ್ಕಿನ ಮೇಲೆ ಕಡತಕ್ಕೆ ಕನ್ನಡದಲ್ಲೇ ಹೆಸರಿಡಲು ದಾರಿಯಾದದ್ದು ಹೀಗೆ.

ಆದರೆ ಫ್ಯಾಟ್32ರಲ್ಲಿಯೂ ಕಡತದ ಗಾತ್ರವನ್ನು ಬರೆಯುವ ಜಾಗ ಹಿಂದಿನಂತೆ 4 ಬೈಟ್, ಅಂದರೆ 32 ಬಿಟ್ ಆಗಿಯೇ ಉಳಿಯಿತು. ಅದರಲ್ಲಿ ಹಿಡಿಯುವ ಅತಿ ದೊಡ್ಡ ಸಂಖ್ಯೆ 4,29,49,67,295. ಇದು 4 ಗಿಗಾಬೈಟ್‌ಗೆ ಒಂದೇ ಬೈಟ್ ಕಡಿಮೆ. ನಿಮ್ಮ ವಿಡಿಯೋ ನಿಂತದ್ದು ಇಲ್ಲಿಯೇ!

ಇತರರು ತಮ್ಮದೇ ದಾರಿ ಹಿಡಿದರು. ಆಪಲ್ 1985ರಲ್ಲಿ ಎಚ್‌ಎಫ್‌ಎಸ್, 1998ರಲ್ಲಿ ಎಚ್‌ಎಫ್‌ಎಸ್+, 2017ರಲ್ಲಿ ಎಪಿಎಫ್‌ಎಸ್ ತಂದಿತು. ಲಿನಕ್ಸ್‌ಗಾಗಿ 1992ರಲ್ಲಿ ಬಂದ ಎಕ್ಸ್ಟ್, 2008ರ ವೇಳೆಗೆ ಎಕ್ಸ್ಟ್4 ಆಗಿ ಬೆಳೆಯಿತು. ಮೈಕ್ರೋಸಾಫ್ಟ್ ಕೂಡ 1993ರಲ್ಲಿ ವಿಂಡೋಸ್ ಎನ್‌ಟಿಯೊಂದಿಗೆ ಎನ್‌ಟಿಎಫ್‌ಎಸ್ ಹೊರತಂದಿತು. ಇದು ಸೂಚಿಯಲ್ಲಿ ಮಾಡಲಿರುವ ಬದಲಾವಣೆಯನ್ನು ಮೊದಲು ದಿನಚರಿಯಂತೆ ಬರೆದಿಡುತ್ತದೆ. ನಡುವೆ ವಿದ್ಯುತ್ ಹೋದರೂ ಸೂಚಿ ಕೆಡುವ ಸಂಭವ ಕಡಿಮೆ. ಎಕ್ಸ್ಟ್4ರಲ್ಲಿಯೂ ಈ ಸೌಲಭ್ಯವಿದೆ. ಆದರೆ ಒಬ್ಬರ ಸೂಚಿ ಇನ್ನೊಬ್ಬರಿಗೆ ಅರ್ಥವಾಗಲಿಲ್ಲ. ಇಂದಿಗೂ ಮ್ಯಾಕ್ ತಾನಾಗಿ ಎನ್‌ಟಿಎಫ್‌ಎಸ್ ಡಿಸ್ಕನ್ನು ಓದುತ್ತದೆ, ಅದಕ್ಕೆ ಬರೆಯುವುದಿಲ್ಲ.

ಹೀಗಾಗಿ ಎಲ್ಲರಿಗೂ ಅರ್ಥವಾಗುತ್ತಿದ್ದುದು ಹಳೆಯ ಫ್ಯಾಟ್ ಮಾತ್ರ. ಅದರ ಮಿತಿಯನ್ನು ದಾಟಲು ಮೈಕ್ರೋಸಾಫ್ಟ್ 2006ರಲ್ಲಿ ‘ಎಕ್ಸ್‌ಫ್ಯಾಟ್’ ತಂದಿತು. ಇದರಲ್ಲಿ ಕಡತದ ಗಾತ್ರಕ್ಕೆ 64 ಬಿಟ್. 2009ರಲ್ಲಿ ಎಸ್‌ಡಿಎಕ್ಸ್‌ಸಿ ಮೆಮೊರಿ ಕಾರ್ಡುಗಳು ಇದನ್ನು ಆರಿಸಿಕೊಂಡವು. 2010ರಲ್ಲಿ ಮ್ಯಾಕ್ ಒಪ್ಪಿಕೊಂಡಿತು. ಲಿನಕ್ಸ್ ಮಾತ್ರ ಕಾಯಬೇಕಾಯಿತು. ಅಡ್ಡಿಯಾದದ್ದು ತಂತ್ರಜ್ಞಾನವಲ್ಲ, ಪೇಟೆಂಟುಗಳು. 2019ರ ಆಗಸ್ಟ್‌ನಲ್ಲಿ ಮೈಕ್ರೋಸಾಫ್ಟ್ ಎಕ್ಸ್‌ಫ್ಯಾಟ್‌ನ ವಿವರಗಳನ್ನು ಬಹಿರಂಗಪಡಿಸಿ, ಲಿನಕ್ಸ್‌ನಲ್ಲಿ ಅದನ್ನು ಸೇರಿಸಲು ಬೆಂಬಲವಿತ್ತಿತು. 2020ರಲ್ಲಿ ಬಂದ ಲಿನಕ್ಸ್ 5.7ರಲ್ಲಿ ಅದಕ್ಕೆ ಪೂರ್ಣ ಸ್ಥಾನ ದೊರೆಯಿತು. ಕಡತಗಳನ್ನು ಹಂಚಿಕೊಳ್ಳಲು ಸೂಚಿಯ ನಿಯಮ ತಿಳಿದಿದ್ದರಷ್ಟೇ ಸಾಲದು, ಅದನ್ನು ಬಳಸುವ ಹಕ್ಕೂ ಬೇಕು.

ನೀವು ಏನು ಮಾಡಬೇಕು? ಡಿಸ್ಕ್ ಮೂರೂ ಬಗೆಯ ಕಂಪ್ಯೂಟರುಗಳ ನಡುವೆ ಓಡಾಡುವುದಾದರೆ ಎಕ್ಸ್‌ಫ್ಯಾಟ್ ಅನುಕೂಲ. ವಿಂಡೋಸ್‌ಗೆ ಮಾತ್ರವಾದರೆ ಎನ್‌ಟಿಎಫ್‌ಎಸ್, ಲಿನಕ್ಸ್‌ಗೆ ಮಾತ್ರವಾದರೆ ಎಕ್ಸ್ಟ್4 ಸೂಕ್ತ. ಎಕ್ಸ್‌ಫ್ಯಾಟ್‌ಗೆ ದಿನಚರಿ ಇಲ್ಲ; ಆದ್ದರಿಂದ ಬರೆಯುತ್ತಿರುವಾಗ ತಂತಿ ಕೀಳಬೇಡಿ, ‘ಇಜೆಕ್ಟ್’ ಮಾಡಿಯೇ ಡಿಸ್ಕ್ ತೆಗೆಯಿರಿ. ಫಾರ್ಮ್ಯಾಟ್ ಮಾಡಿದರೆ ಹಳೆಯ ಸೂಚಿ ಹೋಗುತ್ತದೆ. ಮೊದಲು ಎಲ್ಲ ಕಡತಗಳನ್ನೂ ಬೇರೆಡೆ ನಕಲು ಮಾಡಿಟ್ಟುಕೊಳ್ಳಿ.

ಅಧ್ಯಾಪಕರಿಗೊಂದು ಸಲಹೆ: ವಿದ್ಯಾರ್ಥಿಗಳಿಂದ 2ರ 32ನೇ ಘಾತವನ್ನು ಲೆಕ್ಕ ಹಾಕಿಸಿ, ಅದರಿಂದ 1 ಕಳೆಯಲು ಹೇಳಿ. ಕಂಪ್ಯೂಟರ್ ಕೊಟ್ಟ ಎಚ್ಚರಿಕೆಯ ಹಿಂದಿನ ಸಂಖ್ಯೆಯನ್ನು ಅವರೇ ಕಂಡುಕೊಳ್ಳುತ್ತಾರೆ.