ಗಾಯರಾಣದ ಪರವಾಗಿ ನಿಲ್ಲುವ ಹಕ್ಕು

ಗೋಕಾಕ, ಹುಕ್ಕೇರಿ ಮತ್ತು ಮೊದಲು ಗೋಕಾಕ ತಾಲ್ಲೂಕಿಗೇ ಸೇರಿದ್ದ ಮೂಡಲಗಿಯ ಸೀಮೆಯಲ್ಲಿ, ಊರ ದನಗಳ ಮೇವಿಗೆಂದು ಬಿಟ್ಟ ನೆಲವನ್ನು ಗಾಯರಾಣವೆಂದು ಕರೆಯುತ್ತಾರೆ. 1956ರವರೆಗೆ ಮುಂಬಯಿ ಆಡಳಿತದಲ್ಲಿದ್ದ ಈ ಭಾಗಕ್ಕೆ ಅನ್ವಯಿಸುತ್ತಿದ್ದ 1879ರ ಭೂಕಂದಾಯ ಸಂಹಿತೆಯು ಇಂಥ ನೆಲವನ್ನು ಕಾಯ್ದಿರಿಸಲು ಅವಕಾಶ ನೀಡಿ, ಕಲೆಕ್ಟರರ ಮಂಜೂರಾತಿಯಿಲ್ಲದೆ ಅದನ್ನು ಅನ್ಯ ಉದ್ದೇಶಕ್ಕೆ ಬಳಸಬಾರದೆಂದು ವಿಧಿಸಿತ್ತು. ಆದರೆ ಸರ್ಕಾರವೇ ಆ ನೆಲವನ್ನು ಅನ್ಯರಿಗೆ ಕೊಡಲು ಹೊರಟಾಗ, ಇಡೀ ಊರು ಅನುಭವಿಸುತ್ತ ಬಂದ, ಯಾರೊಬ್ಬರ ಉತಾರದಲ್ಲೂ ದಾಖಲಾಗದ ಹಕ್ಕನ್ನು ನ್ಯಾಯಾಲಯದಲ್ಲಿ ಯಾರು ಕೇಳಬೇಕು ಎಂಬುದು ತೊಡಕಿನ ಪ್ರಶ್ನೆಯಾಗಿತ್ತು.

1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲಿ ಇದಕ್ಕೊಂದು ದಾರಿಯಿತ್ತು: ಸಮಾನ ಹಿತವುಳ್ಳ ಅನೇಕರ ಪರವಾಗಿ ಅವರಲ್ಲೇ ಒಬ್ಬಿಬ್ಬರು, ನ್ಯಾಯಾಲಯದ ಅನುಮತಿ ಪಡೆದು, ಉಳಿದವರಿಗೆ ತಿಳುವಳಿಕೆ ನೀಡಿ ಹೂಡುವ ಪ್ರಾತಿನಿಧಿಕ ದಾವೆ. ದಾವೆ ಹೂಡುವವನೂ ಆ ಹಿತದಲ್ಲಿ ಪಾಲುಳ್ಳವನಾಗಿರಬೇಕೆಂಬ ಈ ಕಟ್ಟಳೆಯಿಂದ, ಕೋರ್ಟಿನ ಖರ್ಚು ಹೊರಲಾಗದ ಬಡವರ ಊರಿಗೆ ಹೊರಗಿನವರ ನೆರವು ಸಿಗುವುದು ಕಷ್ಟವಾಗಿತ್ತು. 1981ರಲ್ಲಿ ಸುಪ್ರೀಂ ಕೋರ್ಟಿನ ಎಸ್.ಪಿ. ಗುಪ್ತಾ ಪ್ರಕರಣದ ತೀರ್ಪಿನಲ್ಲಿ ನ್ಯಾಯಮೂರ್ತಿ ಪಿ.ಎನ್. ಭಗವತಿಯವರು, ಬಡತನದಿಂದಲೋ ಅಸಹಾಯಕತೆಯಿಂದಲೋ ನ್ಯಾಯಾಲಯಕ್ಕೆ ಬರಲಾರದವರ ಪರವಾಗಿ ಸದುದ್ದೇಶವುಳ್ಳ ಯಾರಾದರೂ ಬರಬಹುದೆಂದು ಹೇಳಿದಾಗ, ಆ ಕಟ್ಟು ಸಡಿಲಗೊಂಡು ಸಾರ್ವಜನಿಕ ಹಿತಾಸಕ್ತಿ ಅರ್ಜಿಗೆ ಗಟ್ಟಿ ನೆಲೆ ದೊರೆಯಿತು.

ಭಾರತದಲ್ಲಿ ಕಟ್ಟು ಹೀಗೆ ಸಡಿಲಗೊಂಡರೂ, ಯಾರು ದಾವೆ ಹೂಡಬಹುದೆಂಬ ವಿಷಯದಲ್ಲಿ ಯುರೋಪಿನ ನ್ಯಾಯಾಲಯಗಳು ಬಹುಕಾಲ ಬಿಗಿಯಾಗಿಯೇ ಇದ್ದವು. 1963ರ ಪ್ಲೌಮನ್ ತೀರ್ಪು, ಯುರೋಪಿಯನ್ ಆರ್ಥಿಕ ಸಮುದಾಯದ ನಿರ್ಧಾರವೊಂದು ತನ್ನನ್ನು ಉಳಿದೆಲ್ಲರಿಂದ ಬೇರ್ಪಡಿಸಿ ತಟ್ಟಿದೆಯೆಂದು ಅರ್ಜಿದಾರನು ತೋರಿಸಬೇಕೆಂದಿತು. ಎಲ್ಲರಿಗೂ ಆದ ಹಾನಿಯನ್ನು ಯಾರೂ ಪ್ರಶ್ನಿಸಲಾಗದ ಈ ಸ್ಥಿತಿ ನ್ಯಾಯವೆನಿಸುವುದಿಲ್ಲ. ಸ್ಟ್ರಾಸ್‌ಬರ್ಗಿನ ಮಾನವ ಹಕ್ಕುಗಳ ನ್ಯಾಯಾಲಯವು 2024ರಲ್ಲಿ ಸ್ವಿಟ್ಜರ್ಲೆಂಡಿನ ಹಿರಿಯ ಮಹಿಳೆಯರ ಹವಾಮಾನ ದೂರನ್ನು ಅವರ ಸಂಘದಿಂದ ಸ್ವೀಕರಿಸಿದರೂ, ಜೊತೆಗಿದ್ದ ನಾಲ್ವರು ಮಹಿಳೆಯರ ವೈಯಕ್ತಿಕ ದೂರುಗಳನ್ನು ಸ್ವೀಕರಿಸಲಿಲ್ಲ.

ಕರ್ನಾಟಕದಲ್ಲಿ ಸಾರ್ವಜನಿಕ ಹಿತಾಸಕ್ತಿ ಅರ್ಜಿಯ ಬಲ ಕಂಡದ್ದು ಸಾಮೂಹಿಕ ನೆಲದ ವಿಷಯದಲ್ಲೇ. ರಾಜ್ಯ ಸರ್ಕಾರ ಮತ್ತು ಹರಿಹರ ಪಾಲಿಫೈಬರ್ಸ್ ಕೂಡಿ 1984ರಲ್ಲಿ ಕಟ್ಟಿದ ಕರ್ನಾಟಕ ಪಲ್ಪ್‌ವುಡ್ ಕಂಪನಿಗೆ, ಜನರು ಮೇವು ಸೌದೆಗೆ ನೆಚ್ಚಿದ್ದ ಸುಮಾರು 30,000 ಹೆಕ್ಟೇರ್ ಭೂಮಿಯನ್ನು ನೀಲಗಿರಿ ಬೆಳೆಸಲೆಂದು ಕೊಡುವ ಯೋಜನೆಯಾದಾಗ, ಧಾರವಾಡದ ಸಮಾಜ ಪರಿವರ್ತನ ಸಮುದಾಯವು ಶಿವರಾಮ ಕಾರಂತರೊಡಗೂಡಿ ಸುಪ್ರೀಂ ಕೋರ್ಟಿಗೆ ಹೋಗಿ 1987ರಲ್ಲಿ ತಡೆಯಾಜ್ಞೆ ಪಡೆಯಿತು. ದಕ್ಷಿಣ ಕನ್ನಡದ ಕಾರಂತರಿಗೆ ಆ ಹುಲ್ಲುಗಾವಲಿನಲ್ಲಿ ಯಾವ ಪಾಲೂ ಇರಲಿಲ್ಲ. ಹಳೆಯ ಕಟ್ಟಳೆಯಂತೆ ಅವರು ವಾದಿಯಾಗುವುದು ಸಾಧ್ಯವಿರಲಿಲ್ಲ. ಆದರೂ ಊರವರು ಎಲ್ಲವನ್ನೂ ವಕೀಲರಿಗೆ ಬಿಟ್ಟು ಕೂರಲಿಲ್ಲ. ಅದೇ ವರ್ಷದ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ನೀಲಗಿರಿ ಸಸಿ ಕಿತ್ತು ಉಪಯುಕ್ತ ಗಿಡ ನೆಟ್ಟ ಕಿತ್ತಿಕೋ ಹಚ್ಚಿಕೋ ಸತ್ಯಾಗ್ರಹ ನಡೆಯಿತು. ನ್ಯಾಯಾಲಯ ಮತ್ತು ಬಯಲು ಎರಡರಿಂದಲೂ ಬಂದ ಒತ್ತಡಕ್ಕೆ ಮಣಿದ ಸರ್ಕಾರ 1991ರಲ್ಲಿ ಕಂಪನಿಯನ್ನು ಮುಚ್ಚಲು ತೀರ್ಮಾನಿಸಿತು.